ಉಳವಪ್ಪನ ಉಪ್ಪುನೀರು

ಅಕ್ಕಿಆಲೂರಿನ ಸಂತೆಗೆ ಉಳವಪ್ಪ ಕಾಲಿಟ್ಟರೆ ಆಡುಗಳು ತೊಡೆ ಮುಚ್ಚಿಕೊಳ್ಳುತ್ತಿದ್ದವಂತೆ, ಹುಂಜಗಳು ಎದೆಯನ್ನು ಒಳಗೆಳೆದುಕೊಳ್ಳುತ್ತಿದ್ದವಂತೆ. ಮಾಂಸದ ಹೆಸರು ಕೇಳಿದರೆ ಬಾಯಿ ಮುಕ್ಕಳಿಸುವ ಲಿಂಗವಂತ. ಆದರೂ ಕಟುಕ ಬಂದೇಸಾಬನ ಮುಂದೆ ನಿಂತು ಬೆರಳುದ್ದ ತೊಡೆ, ಬೆರಳುದ್ದ ಹೃದಯ, ಬೆರಳುದ್ದ ಜಠರ ಕೇಳುವ ಧೀರ ಅವನೊಬ್ಬನೇ. ಸತ್ತ ಹೋರಿಯನ್ನು ಎಬ್ಬಿಸುವ ಔಷಧಿ ಕಾಸುತ್ತಿದ್ದಾನೆಂದು ಹಿರೇಕೆರೂರಿನವರೂ, ಬಂಗಾರ ಇಳಿಸುತ್ತಿದ್ದಾನೆಂದು ಸವಣೂರಿನವರೂ ನಂಬಿದ್ದರು.

ನಡೆದದ್ದು ಇಷ್ಟು. ಅವನು ಹಾನಗಲ್ಲಿನ ದನದ ದವಾಖಾನೆಯ ಕಂಪೌಂಡರ್. ವರ್ಗವಾಗಿ ಹೋದ ಡಾಕ್ಟರರೊಬ್ಬರು ಒಮ್ಮೆ ತೋರಿಸಿದ್ದರು: ಸ್ನಾಯುವನ್ನು ಅರೆದು, ಉಪ್ಪುನೀರಿನಲ್ಲಿ ನೆನೆಸಿ, ಸೋಸಿ, ತಿಳಿನೀರಿಗೆ ಸುರಿದರೆ ಪ್ರೋಟೀನು ಬಿಳಿ ಎಳೆಯಾಗಿ ತಳಕ್ಕಿಳಿಯುತ್ತದೆ. ಎಲ್ಲ ಪ್ರಾಣಿಗಳಲ್ಲೂ, ಎಲ್ಲ ಅಂಗಗಳಲ್ಲೂ ಅದು ಒಂದೇ ಸಮ ಇಳಿಯುತ್ತದೆಯೇ? 1937ರಲ್ಲಿ ಉಳವಪ್ಪನ ತಲೆ ಹೊಕ್ಕ ಈ ಪ್ರಶ್ನೆ ಹೊರಬರಲು ಒಪ್ಪಲಿಲ್ಲ. ಆಡಿನ ತೊಡೆ ಧಾರಾಳವಾಗಿ ಕೊಟ್ಟಿತು; ಅದರದೇ ಹೃದಯ ಜಿಪುಣತನ ಮಾಡಿತು; ಜಠರವಂತೂ ನೀರನ್ನು ತುಸು ಮಸುಕು ಮಾಡಿ ಕೈ ತೊಳೆದುಕೊಂಡಿತು. ಹುಂಜದ ಎದೆ ಎಲ್ಲರನ್ನೂ ಮೀರಿಸಿ ಗಾಜಿನ ಲೋಟದ ತುಂಬ ಮೋಡ ಕಟ್ಟಿತು.

ಎಡವಟ್ಟಾದದ್ದು ದವಾಖಾನೆಯಲ್ಲಿ ಔಷಧಿ ಅರೆಯುವ ಕಲಬತ್ತು ಬಿರಿದ ದಿನ. ಅಂದು ಅವನು ಮನೆಯ ಒಳಕಲ್ಲಿನಲ್ಲೇ ಅರೆದ. ತಿನ್ನದಿದ್ದರೆ ಮೈಲಿಗೆಯಿಲ್ಲ ಎಂಬುದು ಅವನ ಸಿದ್ಧಾಂತ. ಮುನ್ನೆಚ್ಚರಿಕೆಗೆ ಕಲ್ಲನ್ನು ತೊಳೆದು ವಿಭೂತಿಯನ್ನೂ ಬಳಿದಿದ್ದ. ಚಟ್ನಿ ಅರೆಯಲು ಕುಳಿತ ಹೆಂಡತಿ ದಾನವ್ವ, ಕಲ್ಲಿಗೇಕೆ ವಿಭೂತಿ ಎಂದು ಕೇಳಿದಳು. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಈ ಚಟ ಬಿಡುವ ತನಕ ಬರುವುದಿಲ್ಲವೆಂದು ಅವಳು ಆಡೂರಿನ ತವರಿಗೆ ಹೋದಳು.

ಆಮೇಲೆ ನೆರೆಯವರು ಹೆಪ್ಪು ಕೇಳಲು ಬರುವುದನ್ನೂ ನಿಲ್ಲಿಸಿದರು. ಭಿಕ್ಷೆಗೆ ಬಂದ ಜಂಗಮರು ಅವನ ಬಾಗಿಲು ದಾಟಿ ಮುಂದಿನ ಮನೆಗೆ ಹೋಗುತ್ತಿದ್ದರು. ಸಂಜೆಯಾದರೆ ಉಳವಪ್ಪ ತಾನೇ ರೊಟ್ಟಿ ತಟ್ಟಿಕೊಂಡು, ಹೊಸ್ತಿಲಲ್ಲಿ ಕುಳಿತು, ಆಡೂರಿನ ದಾರಿಗೆ ಮುಖ ಮಾಡಿ ತಿನ್ನುತ್ತಿದ್ದ. ಹುಂಜದ ಎದೆಯ ಸುದ್ದಿಯನ್ನು ಯಾರಿಗಾದರೂ ಹೇಳಬೇಕೆಂದರೆ ಎದುರಿಗೆ ಸಿಗುತ್ತಿದ್ದುದು ದವಾಖಾನೆಯ ದನಗಳು. ಅವು ಮರ್ಯಾದಸ್ತರು, ಕೇಳಿಸಿಕೊಳ್ಳುತ್ತಿದ್ದವು.

ಎರಡನೇ ಮಹಾಯುದ್ಧ ಶುರುವಾಗಿ ಬಹಳ ದಿನಗಳ ಮೇಲೆ ಮಾವ ಕುಬೇರಪ್ಪ ಬಂದರು. ಉಳವಪ್ಪ ಚಟ ಬಿಡುವ ಮಹಾತ್ಯಾಗವನ್ನು ಕಣ್ಣಾರೆ ಕಾಣಲು ಓಣಿಗೆ ಓಣಿಯೇ ಅಂಗಳದಲ್ಲಿ ನೆರೆಯಿತು. ಮಾವ ನಿಂತೇ ಮಾತಾಡಿದರು.

"ಉಳವಪ್ಪ, ನಿನ್ನ ವಿದ್ಯಾ ದೊಡ್ಡದಿರಬೇಕು, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಅಲ್ಲಿ ಮಗಳು ದಿನಾ ಈ ದಾರಿ ನೋಡಾಕತ್ಯಾಳ. ಇವರೆಲ್ಲರ ಮುಂದ ಹೇಳಿಬಿಡು. ಮಾಂಸಾ ಅರಿಯೂದು ಯಾವಾಗ ಬಿಡ್ತಿ?"

ಉಳವಪ್ಪ ಒಳಗಿನಿಂದ ಮಣೆ ತಂದಿಟ್ಟ.

"ಬಿಟ್ಟು ವರ್ಷದ ಮ್ಯಾಲಾತ್ರಿ, ಮಾವಾರ. ಹೇಳೂಣಂದ್ರ ಮನ್ಯಾಗ ಯಾರೂ ಇರಲಿಲ್ಲ."