ಸೇ, ಟೆಲ್, ಸ್ಪೀಕ್, ಟಾಕ್ ಮತ್ತು ಒಂದು ಕುರ್ಚಿ

ಲಾಡ್ಜಿನ ಮೂರೂ ಮಹಡಿ ಗುಡಿಸಿ ಒರೆಸುತ್ತಿದ್ದ, ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದ ಹೆಂಗಸಿಗೆ ಕಡೆಗೂ ಮಂಡಿಗಳು ಕೈಕೊಟ್ಟವು. ಇನ್ನು ಮೆಟ್ಟಿಲು ಹತ್ತಕೂಡದು, ಕುಕ್ಕರುಗಾಲಲ್ಲಿ ಕೂರಕೂಡದು ಎಂದರು ಡಾಕ್ಟರು. ಹೇಳುವುದಕ್ಕೆ ಅವರಿಗೇನು? ಅದೇ ಹೊತ್ತಿಗೆ ರಿಸೆಪ್ಷನ್ನಿನ ಕುರ್ಚಿ ಖಾಲಿಯಾಯಿತು. ಇಂಗ್ಲಿಷ್ ಬರುವವರು ಮುಂದಿನ ತಿಂಗಳು ಬಂದು ಮಾತಾಡಿ ತೋರಿಸಲಿ ಎಂದರು ಮ್ಯಾನೇಜರು. ಆ ಕುರ್ಚಿ ಸಿಕ್ಕರೆ ಕೆಲಸ ಉಳಿಯಿತು, ಇಲ್ಲವಾದರೆ ಮನೆ ಸೇರುವುದೇ.

ಅಕ್ಕನಿಗೆ ಇಂಗ್ಲಿಷ್ ಬಾರದು ಎಂದಲ್ಲ. "ನೋ ಹಾಟ್ ವಾಟರ್? ವೆಯಿಟ್, ಐ ಗೋ ಟೆಲ್ಲಿಂಗ್" ಎನ್ನುತ್ತ ಎಂಥೆಂಥ ಗಿರಾಕಿಗಳನ್ನೋ ಸಂಭಾಳಿಸಿದ ಗಟ್ಟಿಗಿತ್ತಿ. ಕುರ್ಚಿಗೆ ಶುದ್ಧ ಇಂಗ್ಲಿಷೇ ಬೇಕೆಂದು ಅದ್ಯಾವ ಪುಣ್ಯಾತ್ಮರು ತಲೆಗೆ ತುಂಬಿದರೋ, ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನಾದಿನಿಯ ಮುಂದೆ ಹೋಗಿ ಕೂತಳು.

"ಅತ್ತಿಗೆ, ಸೇ ಬೇರೆ, ಟೆಲ್ ಬೇರೆ. ಯಾರಿಗೆ ಅಂತ ಬಂದ್ರೆ ಟೆಲ್. ಸ್ಪೀಕ್ ಅಂದ್ರೆ ಸ್ವಲ್ಪ ಗತ್ತು. ಟಾಕ್ ಅಂದ್ರೆ ಹರಟೆ ಥರ."

"ಎಲ್ಲಾ ಬಾಯಲ್ಲೇ ತಾನೇ ಆಡೋದು?"

"ನೀವು ಸುಮ್ನೆ ಬಾಯಿಪಾಠ ಮಾಡಿ."

ಅಕ್ಕನಿಗೆ ತಲೆ ಚಿಟ್ಟು ಹಿಡಿಯಿತು. ಈ ನಾಲ್ಕು ಮುಗಿಯುವಷ್ಟರಲ್ಲಿ ಸೀ, ಲುಕ್, ವಾಚ್ ಬಂದು ವಕ್ಕರಿಸಿದವು. ನೋಡುವುದಕ್ಕೂ ಇಷ್ಟೊಂದು ರಗಳೆಯೇ? ಬಾಯಿ ತೆರೆದರೆ ಸಾಕು, ನಾದಿನಿ ತಡೆದು ತಿದ್ದುತ್ತಿದ್ದಳು. ಸೊಪ್ಪು ಬಿಡಿಸುವಾಗಲೂ ಅಕ್ಕನದು ಅದೇ ಮಣಮಣ. ಹಟಮಾರಿ ಹೆಂಗಸು, ಎಲ್ಲವನ್ನೂ ಕಲಿತೇಬಿಟ್ಟಳು.

ಆ ದಿನ ಬಂತು. "ನಾನೊಬ್ಬ ಗಿರಾಕಿ ಅಂದ್ಕೊಳ್ಳಿ ಅಕ್ಕ. ಬಿಸಿನೀರು ಬರ್ತಿಲ್ಲ ಅಂತ ಬಂದಿದ್ದೀನಿ. ಇಂಗ್ಲಿಷಲ್ಲಿ ಮಾತಾಡಿ," ಎಂದರು ಮ್ಯಾನೇಜರು.

ನೂರಾರು ಸಲ ಆಡಿದ ಮಾತು. ಅಕ್ಕ "ಐ ವಿಲ್" ಎಂದಳು, ಅಲ್ಲೇ ನಿಂತಳು. ಪ್ಲಂಬರಿಗೆ ಸೇ ಮಾಡುವುದೋ, ಟೆಲ್ ಮಾಡುವುದೋ? ಹೋಗಿ ನೋಡುತ್ತೇನೆ ಎನ್ನೋಣವೆಂದರೆ ಸೀಯೋ, ಲುಕ್ಕೋ? ಮ್ಯಾನೇಜರು ಗಡಿಯಾರದ ಕಡೆ ತಿರುಗಿದರು. ಹಾಳಾದ್ದು, ಅಕ್ಕನ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ.

ಅವಳ ನಂತರ ಬಂದ, ಅದೇ ಲಾಡ್ಜಿನ ರೂಮ್ ಬಾಯ್ "ಸಾರಿ ಸಾರ್, ಐ ಸೇ ಪ್ಲಂಬರ್, ಹಿ ಕಮಿಂಗ್, ಯು ಸಿಟ್" ಎಂದು ಒಂದೇ ಉಸಿರಿಗೆ ಒದರಿದ. ಕುರ್ಚಿ ಅವನ ಪಾಲಾಯಿತು.

ಸಂಜೆ ನಾದಿನಿ ಬಾಗಿಲಲ್ಲೇ ಕಾದಿದ್ದಳು. ಅಕ್ಕನ ಮುಖ ಕಂಡೇ ಅವಳಿಗೆ ವಿಷಯ ಗೊತ್ತಾಯಿತು. "ಎಲ್ಲಿ ತಪ್ಪು ಮಾತಾಡಿದ್ರಿ ಅತ್ತಿಗೆ?"

ಅಕ್ಕ ಮಂಡಿ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಸಿದು ಕೂತಳು.

"ತಪ್ಪು ಮಾತಾಡಿದ್ದಿದ್ರೆ ಕೆಲಸ ಸಿಕ್ತಿತ್ತು ಕಣೇ."