ಏಳು ಸಾಲು ಎಣಿಸುವ ಖುರ್ಷೀದಾ

ಬೆಳಗಿನ ಆರು ಗಂಟೆ. ಹರಿಹರದ ಕಾರ್ಖಾನೆಯೊಂದರ ಕಂಪ್ಯೂಟರ್ ಕೋಣೆಯಲ್ಲಿ ಖುರ್ಷೀದಾ ಅವರು ಬಾಣದ ಗುರುತಿನ ಕೀಯನ್ನು ಎಣಿಸಿ ಒತ್ತುತ್ತಿದ್ದಾರೆ. ದಾವಣಗೆರೆಯ ಆಸ್ಪತ್ರೆಯಿಂದ ರಕ್ತ ಬೇಕೆಂದು ಫೋನ್ ಬಂದಿದೆ. ಏಳು ಸಲ ಒತ್ತಿದರೆ ಹಿಂದೆ ಕೊಟ್ಟಿದ್ದ ಆಜ್ಞೆಯ ಮೊದಲ ಸಾಲು ಪರದೆಗೆ ಬರುತ್ತದೆ. ಅದನ್ನು ಯಂತ್ರಕ್ಕೆ ಒಪ್ಪಿಸಿದರೆ ಅದೂ ಹಳೆಯ ಸಾಲುಗಳ ಕೊನೆಗೆ ಸೇರುತ್ತದೆ; ಹಾಗಾಗಿ ಮತ್ತೆ ಏಳು ಸಲ ಒತ್ತಿದರೆ ಎರಡನೆಯದು. ಹೀಗೆ ಏಳು ಸಾಲು.

"ನಾ ಹೇಳಿದ್ದೆಲ್ಲಾ ಇಟ್ಕಂತೈತ್ರಿ. ಕೇಳಿದ್ರೆ ಮಾತ್ರ ಒಂದೊಂದೇ ಸಾಲು ಕೊಡ್ತೈತಿ" ಎನ್ನುತ್ತಾರೆ.

ಫೋನ್ ನೋಡಿಕೊಳ್ಳುವ ಕರಿಬಸವರಾಜ ನಗುತ್ತಾರೆ. "ಇದಕ್ಕಿಂತ ನಮ್ಮಜ್ಜಿ ವಾಸಿ ಅಕ್ಕಾ. ಶುರು ಮಾಡಿದ್ರೆ ಪೂರ್ತಿ ಹೇಳಿಯೇ ಬಿಡ್ತಾಳೆ."

ಖುರ್ಷೀದಾ ಅವರ ಮನೆ ದಾವಣಗೆರೆಯ ವಿನೋಬನಗರದಲ್ಲಿ. ತಂದೆ ಮೌಲಾ ಸಾಬ್ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದರು. ರಿಪೇರಿಗೆ ಬಂದ ಯಂತ್ರಗಳ ಮೇಲೆಯೇ ಮಗಳು ಟೈಪಿಂಗ್ ಕಲಿತರು. ಈಗ ಸಾವಿರದ ಒಂಬೈನೂರು ಕಾರ್ಮಿಕರ ವಿವರ ಅವರ ಸುಪರ್ದಿಯಲ್ಲಿದೆ. ಯಾರ ರಕ್ತ ಯಾವ ಗುಂಪಿನದು, ಹಿಂದೆ ಯಾವಾಗ ಕೊಟ್ಟಿದ್ದರು, ಈಗ ಯಾರು ಪಾಳಿಯಲ್ಲಿದ್ದಾರೆ ಎಂಬುದನ್ನೆಲ್ಲ ಆ ಏಳು ಸಾಲು ಯಂತ್ರವನ್ನು ಕೇಳುತ್ತವೆ. ಹೊಸದಾಗಿ ಟೈಪ್ ಮಾಡಿದರೆ ಒಂದಕ್ಷರ ತಪ್ಪಿದರೂ ಮೊದಲಿಂದ ಆರಂಭಿಸಬೇಕು. ಅದಕ್ಕೇ ಸರಿಯಾಗಿ ನಡೆದ ಹಳೆಯದನ್ನು ಮರಳಿ ಕರೆದು, ರಕ್ತದ ಗುಂಪನ್ನಷ್ಟೇ ಬದಲಿಸುತ್ತಾರೆ.

ಕಳೆದ ವರ್ಷ, ೧೯೮೭ರ ಶ್ರಾವಣದಲ್ಲಿ, ಇದೇ ಕಾರ್ಖಾನೆಯ ಫಿಟ್ಟರ್ ಉಜ್ಜನಪ್ಪನವರ ಮಡದಿ ಅನ್ನಪೂರ್ಣಮ್ಮ ಹೆರಿಗೆಯಲ್ಲಿ ರಕ್ತ ಹೋಗಿ ಕಷ್ಟದಲ್ಲಿದ್ದರು. ಅವಸರದಲ್ಲಿ ಖುರ್ಷೀದಾ ಮೂರನೆಯ ಸಾಲಾದ ಮೇಲೆ ಏಳರ ಬದಲು ಆರೇ ಸಲ ಒತ್ತಿದರು. ಪಾಳಿಯಲ್ಲಿ ಇರುವವರನ್ನಷ್ಟೇ ತೋರಿಸೆನ್ನುವ ನಾಲ್ಕನೆಯ ಸಾಲು ಬಿಟ್ಟುಹೋಯಿತು. ಯಂತ್ರ ತಪ್ಪೆನ್ನಲಿಲ್ಲ, ಹೆಸರುಗಳನ್ನು ಕೊಟ್ಟಿತು. ಮೊದಲ ಹೆಸರಿನವರನ್ನು ಹುಡುಕಿ ಕಾರ್ಖಾನೆಯ ಜೀಪು ಅವರ ಊರು ಆನಗೋಡಿಗೆ ಹೋಯಿತು. ಅವರು ಊರಲ್ಲಿರಲಿಲ್ಲ.

ಒಂದು ಗಂಟೆ ಕಳೆದ ಮೇಲೆ ತಪ್ಪು ತಿಳಿದು ಮತ್ತೆ ಕೇಳಿದಾಗ ಬಂದದ್ದು ಫಜಲುಲ್ಲಾ ಎಂಬ ಒಂದೇ ಹೆಸರು. ಉಜ್ಜನಪ್ಪನವರ ಪಕ್ಕದ ಲೇತ್ ಯಂತ್ರ ಅವರದು. ಆ ಹೊತ್ತಿನಲ್ಲೂ ಅಲ್ಲೇ ನಿಂತಿದ್ದರು. ಅವರು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅನ್ನಪೂರ್ಣಮ್ಮ ತೀರಿಕೊಂಡಿದ್ದರು. ಮಗು ಉಳಿಯಿತು. ಆ ಒಂದು ಗಂಟೆ ಸಿಕ್ಕಿದ್ದರೆ ತಾಯಿಯೂ ಉಳಿಯುತ್ತಿದ್ದರೇ? ಶಿವನೇ ಬಲ್ಲ.

ತಪ್ಪು ಬೇರೆ ಯಾರಿಗೂ ಗೊತ್ತಿರಲಿಲ್ಲ. ಹನ್ನೆರಡನೆಯ ದಿನ ಉಜ್ಜನಪ್ಪ ಕೆಲಸಕ್ಕೆ ಬಂದಾಗ ಖುರ್ಷೀದಾ ತಾವೇ ಹೋಗಿ ಎಲ್ಲವನ್ನೂ ಹೇಳಿದರು. ಕೆಲಸ ಬಿಡುವುದಾಗಿ ಬರೆದ ಕಾಗದವನ್ನೂ ತೋರಿಸಿದರು. ಉಜ್ಜನಪ್ಪ ಅದನ್ನು ಓದಿ ಮಡಿಸಿದರು. ಆಮೇಲೆ ಕಾಗದವನ್ನು ಅವರ ಕೈಗೇ ಮರಳಿ ಕೊಟ್ಟರು.

"ಬ್ಯಾಡವ್ವ. ಹೊಸಬರು ಬಂದ್ರೆ ಅವ್ರೂ ಒಂದ್ಸಲ ತಪ್ಪಿಯೇ ಕಲೀಬೇಕು. ನೀ ಇನ್ಮ್ಯಾಲೆ ತಪ್ಪು ಮಾಡಲ್ಲ."

ಅಂದಿನಿಂದ ಇಂದಿನವರೆಗೆ ಖುರ್ಷೀದಾ ಒಂದು ದಿನವೂ ರಜೆ ಹಾಕಿಲ್ಲ.