ಏನೂ ಮಾರದ ತಿಂಗಳ ವರದಿ

ಕ್ಯಾಲಿಫೋರ್ನಿಯಾದ ಲಾಸ್ ಸೌಸೆಸ್ ಕಣಿವೆಯಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡುವವರು ಬಹಳ ಮಂದಿ. ಆ ವೈನನ್ನು ದೂರದ ರಾಜ್ಯದ ಗ್ರಾಹಕರ ಮನೆಬಾಗಿಲಿಗೆ ಕಾನೂನು ತಪ್ಪದಂತೆ ತಲುಪಿಸಬಲ್ಲವರು ಕಡಿಮೆ. ಆ ವಿದ್ಯೆಯನ್ನು ಬೇಸರವಿಲ್ಲದೆ ಉಳಿದವರಿಗೂ ಕಲಿಸಿದವರು, ನನಗೆ ತಿಳಿದಂತೆ, ಒಬ್ಬರೇ. ನಮ್ಮ ಸಣ್ಣ ವೈನ್ ತಯಾರಕರ ಸಹಕಾರ ಸಂಘದ ಪರವಾನಗಿ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದು ಈ ಜೂನ್‌ನಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ನಡೀನ್ ಫ್ರೆಡಿಯಾನಿ ಅವರಿಗೆ ಈ ಅಭಿನಂದನಾ ಸಂಪುಟ ಸಲ್ಲುತ್ತಿರುವುದು ಯೋಗ್ಯವಾಗಿಯೇ ಇದೆ. ಅವರ ಪಕ್ಕದ ಮೇಜಿನಲ್ಲಿ ಹದಿನಾರು ವರ್ಷ ಕುಳಿತವಳೆಂದು ಸಂಪಾದಕರು ನನ್ನಿಂದಲೂ ಒಂದು ಲೇಖನ ಕೇಳಿದ್ದಾರೆ. ಜೊತೆಗೆ, ಸಂಪುಟದ ಮೊದಲಿಗೆ ಬರಲಿರುವ ಜೀವನ ಪರಿಚಯದ ಕರಡನ್ನೂ ಕಳಿಸಿದ್ದಾರೆ. ಅದರಲ್ಲೊಂದು ವಾಕ್ಯ ಹೀಗಿದೆ: “2011ರ ಒಂದೇ ಒಂದು ಲೋಪವನ್ನು ಬಿಟ್ಟರೆ ಅವರ ಸೇವೆ ಕಳಂಕರಹಿತ.”

ಆ ವಾಕ್ಯ ಸುಳ್ಳು. ಅದು ಹಾಗೆಯೇ ಅಚ್ಚಾಗಿ ಉಳಿಯಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಆದರೆ ಅಲ್ಲಿಗೆ ಬರುವ ಮೊದಲು ಇನ್ನೊಂದನ್ನು ಒಪ್ಪಿಕೊಳ್ಳಬೇಕು. ನಡೀನ್ ಅವರು ಕೆಲಸಕ್ಕೆ ಸೇರಿದ ವಾರದಿಂದಲೇ ನನಗೆ ಅವರ ಮೇಲೆ ಹೊಟ್ಟೆಕಿಚ್ಚು.

ಅವರು ಬಂದದ್ದು 1998ರಲ್ಲಿ. ಆಗ ನನಗೆ ಅದೇ ವಿಭಾಗದಲ್ಲಿ ಒಂಬತ್ತು ವರ್ಷದ ಅನುಭವವಿತ್ತು, ಕಾಲೇಜಿನ ಪದವಿಯಿತ್ತು, ಕಿಟಕಿಯ ಪಕ್ಕದ ಮೇಜಿತ್ತು. ಅವರು ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯೊಂದರಲ್ಲಿ ಸರಕು ರವಾನೆ ನೋಡಿಕೊಂಡಿದ್ದವರು. ನಿಯಮದಲ್ಲಿ ಸಂಶಯ ಬಂದರೆ ನಾನು ಪುಸ್ತಕ ತೆಗೆದು ಓದುತ್ತಿದ್ದೆ, ಓದಿ ಪತ್ರ ಬರೆಯುತ್ತಿದ್ದೆ, ಎರಡು ವಾರ ಉತ್ತರಕ್ಕೆ ಕಾಯುತ್ತಿದ್ದೆ. ಅವರು ಆಯಾ ರಾಜ್ಯದ ಪರವಾನಗಿ ಕಚೇರಿಗೆ ಫೋನ್ ಮಾಡಿ, ಎತ್ತಿದ ಗುಮಾಸ್ತರ ಹೆಸರು ಕೇಳಿ, ಅಲ್ಲಿ ಹಿಮ ಬಿತ್ತೇ ಎಂದು ವಿಚಾರಿಸಿ, ಮಧ್ಯಾಹ್ನದೊಳಗೆ ಉತ್ತರ ಪಡೆಯುತ್ತಿದ್ದರು. ಒಂದು ವರ್ಷ ಕಳೆಯುವಷ್ಟರಲ್ಲಿ ಹೊರಗಿನ ಕಚೇರಿಗಳಿಂದ ಬರುವ ಫೋನುಗಳೆಲ್ಲ ಅವರಿಗೇ. ಒಮ್ಮೆ ನಾನು ಎತ್ತಿದೆ.

“ನಡೀನ್ ಇಲ್ವಾ? ಹಾಗಾದ್ರೆ ನಾಳೆ ಮಾಡ್ತೀನಿ ಬಿಡಿ.”

“ನಾನೂ ಇದೇ ವಿಭಾಗದವಳೇ, ಹೇಳಿ.”

“ಗೊತ್ತು ಮೇಡಂ. ಆದ್ರೂ ನಾಳೆನೇ ಮಾಡ್ತೀನಿ.”

ಆ ದಿನ ನನ್ನ ಮೇಜಿಗೆ ಬಿಸಿಲು ನೇರವಾಗಿ ಬೀಳುತ್ತದೆಂದು ಕಿಟಕಿಯ ಗಾಜಿಗೆ ದಪ್ಪ ಕಾಗದ ಅಂಟಿಸಿದವರು ನಡೀನ್ ಅವರೇ. ನಾನು ಅದಕ್ಕೂ ಮುನಿಸಿಕೊಂಡೆ.

2005ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂತು. ಯಾವ ರಾಜ್ಯವೂ ತನ್ನ ನೆಲದ ವೈನರಿಗಳಿಗೆ ನೇರ ಮಾರಾಟಕ್ಕೆ ಬಿಟ್ಟು ಹೊರಗಿನವರನ್ನು ತಡೆಯುವಂತಿಲ್ಲ ಎಂದು ಆದ ಮೇಲೆ, ಒಂದೊಂದೇ ರಾಜ್ಯ ಬಾಗಿಲು ತೆರೆಯಿತು. ತೆರೆದ ಪ್ರತಿಯೊಂದು ಬಾಗಿಲಿಗೂ ಬೇರೆ ಬೇರೆ ಬೀಗ. ಒಂದು ಕಡೆ ಒಬ್ಬರಿಗೆ ವರ್ಷಕ್ಕೆ ಇಷ್ಟೇ ಪೆಟ್ಟಿಗೆ, ಇನ್ನೊಂದು ಕಡೆ ತಿಂಗಳಿಗೆ ಇಷ್ಟೇ ಬಾಟಲಿ. ಪೆಟ್ಟಿಗೆಯ ಮೇಲೆ ಬರೆಯಬೇಕಾದ ಎಚ್ಚರಿಕೆಯ ಮಾತೂ ಎಲ್ಲ ಕಡೆ ಒಂದೇ ಅಲ್ಲ. ನಡೀನ್ ಅವರು ಗೋಡೆಯ ಮೇಲೆ ರಾಜ್ಯಕ್ಕೊಂದು ಚೀಟಿ ಅಂಟಿಸಿದರು. ಕಂಪ್ಯೂಟರಿಗೆ ಹೆದರುವ ಮುದುಕರ ವೈನರಿಗಳಿಗೆ ತಾವೇ ಹೋಗಿ, ಅವರ ಅಡುಗೆಮನೆಯಲ್ಲಿ ಕುಳಿತು ಅರ್ಜಿಯನ್ನು ಗಟ್ಟಿಯಾಗಿ ಓದಿ ಹೇಳಿದರು. ಆಲ್ಡೊ ಬೆಟೆನ್‌ಕೋರ್ಟ್ ಅಂಥವರಲ್ಲಿ ಒಬ್ಬರು. ಆಗಲೇ ಎಪ್ಪತ್ತು ದಾಟಿದ್ದ ಅವರ ಆನ್‌ಲೈನ್ ಅಂಗಡಿಯನ್ನು ಸಿದ್ಧಪಡಿಸಿದ ದಿನ ನಾನೂ ಅಲ್ಲಿದ್ದೆ.

“ನನ್ನ ಗಿರಾಕಿಗಳೆಲ್ಲ ನನ್ನಷ್ಟೇ ಮುದುಕರು ಕಣಮ್ಮ. ಇಪ್ಪತ್ತೊಂದು ತುಂಬಿದ್ಯಾ ಅಂತ ಅವರಿಗೂ ಹುಟ್ಟಿದ ದಿನ ಕೇಳ್ಬೇಕಾ?” ಎಂದರು ಆಲ್ಡೊ.

“ಕೇಳ್ಬೇಕು. ಮರೆತಿದ್ರೆ ನೆನಪು ಮಾಡಿದ ಹಾಗೂ ಆಗುತ್ತೆ,” ಎಂದರು ನಡೀನ್.

“ಪರವಾನಗಿ ಬೇಗ ಕೊಟ್ಟ ಆ ಗುಮಾಸ್ತನಿಗೆ ಎರಡು ಬಾಟ್ಲಿ ಕಳಿಸಿಬಿಡ್ಲಾ?”

“ಕಳಿಸಿ. ಭಾನುವಾರ ಭಾನುವಾರ ಜೈಲಿಗೆ ಬಂದು ನಿಮ್ಮನ್ನ ನೋಡ್ಕೊಂಡು ಹೋಗ್ತೀನಿ.”

ಆಲ್ಡೊ ಕಣ್ಣೊರೆಸಿಕೊಂಡು ನಕ್ಕರು. ಆಲ್ಡೊ ಅವರ ಕಡತ ಏಳು ವರ್ಷದಿಂದ ನನ್ನ ಮೇಜಿನದು. ಅಷ್ಟು ವರ್ಷದಲ್ಲಿ ನಾನು ಅವರನ್ನು ಒಮ್ಮೆಯೂ ನಗಿಸಿರಲಿಲ್ಲ.

ಈಗ 2011ರ ವಿಷಯ. ನಮ್ಮ ಕೆಲಸ ಅರಿಯದವರಿಗೆ ಒಂದು ಮಾತು ಹೇಳಬೇಕು. ಪರವಾನಗಿ ಸಿಕ್ಕ ಮೇಲೆ ಆ ರಾಜ್ಯಕ್ಕೆ ಎಷ್ಟು ವೈನ್ ಹೋಯಿತೆಂದು ಕಾಲಕಾಲಕ್ಕೆ ವರದಿ ಸಲ್ಲಿಸಬೇಕು. ಒಂದು ಬಾಟಲಿಯೂ ಹೋಗದ ತಿಂಗಳಲ್ಲಿ ಏನೂ ಹೋಗಲಿಲ್ಲವೆಂದೇ ವರದಿ ಬರೆಯಬೇಕು. ಹೊಸಬರು ಎಡವುವುದು ಇಲ್ಲೇ. ಮಾರಿಲ್ಲವಲ್ಲ, ಹೇಳುವುದೇನು ಎಂದುಕೊಳ್ಳುತ್ತಾರೆ. ನಾನು ಹೊಸಬಳಾಗಿರಲಿಲ್ಲ.

ಆ ವರ್ಷದ ಮಾರ್ಚ್‌ನಲ್ಲಿ ನನ್ನ ಗಂಡ ಎಡ್ವಿನ್‌ಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ನಾನು ರಜೆಯಲ್ಲಿದ್ದ ಎರಡು ವಾರ ನನ್ನ ಮೇಜನ್ನೂ ನಡೀನ್ ಅವರೇ ನೋಡಿಕೊಂಡರು. ಮರಳಿ ಬಂದಾಗ ಮೇಜಿನ ಮೇಲೆ ಅವರ ದುಂಡಗಿನ ಅಕ್ಷರದ ಪಟ್ಟಿಯಿತ್ತು. ಅದರ ಮೂರನೆಯ ಸಾಲು: “ಆಲ್ಡೊ, ಪೂರ್ವದ ರಾಜ್ಯ: ಬೇಸಿಗೆ ಮುಗಿಯುವವರೆಗೆ ಮಾರಾಟ ಇರಲಾರದು. ಆದರೂ ಪ್ರತಿ ತಿಂಗಳು ವರದಿ ಕಳಿಸಿ.” ನಾನು ಅದನ್ನು ಓದಿದೆ. ನನ್ನ ಕೆಲಸವನ್ನು ನನಗೇ ಕಲಿಸುತ್ತಾಳೆ ಎಂದು ಉರಿದುಕೊಂಡು, ಪಟ್ಟಿಯನ್ನು ಮಡಚಿ ಕಸದ ಬುಟ್ಟಿಗೆ ಹಾಕಿದೆ. ಅಂದು ಸಿಟ್ಟಿನಲ್ಲಿ ಬದಿಗೊತ್ತಿದ್ದು ಆಮೇಲೆ ಮರೆತೇಹೋಯಿತು. ಏಪ್ರಿಲ್, ಮೇ, ಜೂನ್, ಮೂರು ತಿಂಗಳ ವರದಿ ಹೋಗಲಿಲ್ಲ. ಪರವಾನಗಿ ರದ್ದಾದ ನೋಟೀಸು ಜುಲೈಯಲ್ಲಿ ಬಂದದ್ದು ಒಡೆಯದ ಟಪಾಲಿನ ಅಡಿ ಸೇರಿತು. ಸೆಪ್ಟೆಂಬರಿನಲ್ಲಿ ಆಲ್ಡೊ ತಮ್ಮ ಖಾಯಂ ಗಿರಾಕಿಗಳಿಗೆಂದು ನಲವತ್ತೊಂದು ಪೆಟ್ಟಿಗೆಗಳನ್ನು ಆ ರಾಜ್ಯಕ್ಕೆ ಕಳಿಸಿದರು. ಅಷ್ಟೂ ಪರವಾನಗಿಯಿಲ್ಲದೆ ಹೋದವು.

ಅಕ್ಟೋಬರಿನಲ್ಲಿ ಅಲ್ಲಿಂದ ಪತ್ರ ಬಂತು: ತೃಪ್ತಿಕರ ವಿವರಣೆ ಕೊಡದಿದ್ದರೆ ಈ ವೈನರಿಗೆ ಇನ್ನು ಮುಂದೆ ನಮ್ಮಲ್ಲಿ ಪ್ರವೇಶವಿಲ್ಲ. ಆಲ್ಡೊ ಅವರ ಗಿರಾಕಿಗಳಲ್ಲಿ ಅರ್ಧ ಮಂದಿ ಅಲ್ಲಿಯವರು. ನಡೀನ್ ಅವರು ಕಡತ ಹಿಡಿದು ನನ್ನ ಎದುರು ಕುಳಿತರು.

“ಹ್ಯಾರಿಯೆಟ್, ಏಪ್ರಿಲ್ ವರದಿ ಎಲ್ಲಿ?”

“ಏನೂ ಮಾರಿರಲಿಲ್ಲ.”

“ಅದನ್ನೇ ಬರೆದು ಕಳಿಸ್ಬೇಕಿತ್ತಲ್ವಾ?”

“ಗೊತ್ತು.”

ಅವರು ಕಡತ ಮುಚ್ಚಿದರು. “ಎಡ್ವಿನ್ ಹೇಗಿದ್ದಾರೆ?”

“ನವೆಂಬರಲ್ಲಿ ಇನ್ನೊಂದು ಆಪರೇಷನ್ ಆಗ್ಬೇಕಂತೆ.”

“ಆಸ್ಪತ್ರೆ ವಿಮೆ ನಿಮ್ಮ ಈ ಕೆಲಸದಿಂದಲೇ ತಾನೆ?”

ನಾನು ತಲೆಯಾಡಿಸಿದೆ. ಮರುದಿನ ಆಡಳಿತ ಮಂಡಳಿಯ ಮುಂದೆ ಅವರು, “ಮಾರ್ಚ್‌ನಲ್ಲಿ ಆ ಮೇಜು ನನ್ನ ಕೈಲಿತ್ತು, ಆಲ್ಡೊ ಅವರ ಕಡತ ಆಮೇಲೂ ನನ್ನ ಬಳಿಯೇ ಉಳಿಯಿತು, ತಪ್ಪು ನನ್ನಿಂದ ಆಗಿದೆ,” ಎಂದರು. ಅದೇ ತಿಂಗಳು ವಿಭಾಗದ ಮುಖ್ಯಸ್ಥರ ಆಯ್ಕೆಯಿತ್ತು, ಸಂಘದೊಳಗಿನ ಉಮೇದುವಾರರು ನಾವಿಬ್ಬರೇ. ಈ ಲೋಪದಿಂದಾಗಿ ಅವರ ಕೈತಪ್ಪಿದ ಹುದ್ದೆ ಹೊರಗಿನವರೊಬ್ಬರ ಪಾಲಾಯಿತು. ನಡೀನ್ ಅವರಿಗೆ ಅದು ಸಿಗಲು ಇನ್ನೂ ಆರು ವರ್ಷ ಹಿಡಿಯಿತು. ತಪ್ಪನ್ನು ಮುಚ್ಚಿಡದೆ ಒಂದೂವರೆ ಪುಟದ ಪತ್ರ ಬರೆದು, ಅದರ ಬೆನ್ನಿಗೆ ಏಳು ವಾರ ಫೋನ್ ಮಾಡಿ, ದಂಡ ಕಟ್ಟಿಸಿ, ಕ್ರಿಸ್‌ಮಸ್‌ಗೆ ಮೊದಲು ಅವರು ಆಲ್ಡೊಗೆ ಹೊಸ ಪರವಾನಗಿ ತಂದುಕೊಟ್ಟರು.

ನನ್ನ ಮನಸ್ಸು ಕರಗಿತೆಂದು ಓದುಗರು ತಿಳಿಯಬಹುದು. ಇಲ್ಲ. ಪರವಾನಗಿ ಬಂದ ದಿನ ಆಲ್ಡೊ ಒಣ ಅಂಜೂರದ ಬುಟ್ಟಿಯೊಂದನ್ನು ಹೊತ್ತು ತಂದರು.

“ಏನಮ್ಮ ನಡೀನ್, ನನ್ನ ಕತ್ತೇ ಕೊಯ್ದುಬಿಟ್ಟಿದ್ದೆಯಲ್ಲ,” ಎಂದು ಗದರಿ, ಬುಟ್ಟಿಯನ್ನು ಅವರ ಮೇಜಿನ ಮೇಲಿಟ್ಟರು. ನನ್ನ ಕಡೆ ತಿರುಗಿ ಸೌಜನ್ಯಕ್ಕೆ ತಲೆ ಬಾಗಿಸಿದರು. ನನ್ನ ಸರಿಗಳಿಗೆ ಎಂದೂ ಸಿಗದ ಪ್ರೀತಿ ಅವರ ತಪ್ಪಿಗೆ ಸಿಗುತ್ತಿತ್ತು. ಆ ತಪ್ಪೂ ನನ್ನದೇ. ಬುಟ್ಟಿಯಲ್ಲಿ ಅರ್ಧವನ್ನು ನಡೀನ್ ಅವರು ಕಾಗದದಲ್ಲಿ ಕಟ್ಟಿ, ಎಡ್ವಿನ್‌ಗೆ ಎಂದು ನನ್ನ ಚೀಲದಲ್ಲಿಟ್ಟರು.

ಎಡ್ವಿನ್ ಮುಂದೆ ನಾಲ್ಕು ವರ್ಷ ಬದುಕಿದ. 2014ರಲ್ಲಿ ನಾನು ನಿವೃತ್ತಳಾದಾಗ ಬೀಳ್ಕೊಡುಗೆಯ ಭಾಷಣ ಮಾಡಿದವರು ನಡೀನ್ ಅವರು. ನನ್ನ ಕಡತಗಳ ಅಚ್ಚುಕಟ್ಟನ್ನು ಹೊಗಳಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಮೊದಮೊದಲು ಸುಮ್ಮನಿದ್ದದ್ದು ಹೆದರಿಕೆಯಿಂದ. ಆಮೇಲಿನದು ಹೆದರಿಕೆಯಲ್ಲ. ನಿಜ ಹೇಳಿದರೆ ಅವರು ಎಲ್ಲರ ಕಣ್ಣಲ್ಲಿ ಇನ್ನೂ ದೊಡ್ಡವರಾಗುತ್ತಿದ್ದರು. ಅದನ್ನು ನೋಡಿಕೊಂಡಿರುವ ಶಕ್ತಿ ನನಗಿರಲಿಲ್ಲ.

ಹೋದ ತಿಂಗಳು ಕರಡನ್ನು ಹಿಡಿದು ಅವರ ಮನೆಗೆ ಹೋದೆ.

“ಈ ವಾಕ್ಯ ತೆಗೆಸ್ತೀನಿ,” ಎಂದೆ.

“ಬಿಡಿ ಹ್ಯಾರಿಯೆಟ್. ಹದಿಮೂರು ವರ್ಷ ಆಯ್ತು. ಆ ಒಂದು ಸಾಲಿದ್ರೆ ಉಳಿದ ಹೊಗಳಿಕೆನಾದ್ರೂ ಜನ ನಂಬ್ತಾರೆ.”

“ನಿನಗೆ ನನ್ನ ಮೇಲೆ ಕೋಪನೇ ಬರ್ಲಿಲ್ವಾ?”

“ಬರದೆ ಇರುತ್ತಾ? ಎರಡು ವರ್ಷ ನಿಮ್ಮ ಜೊತೆ ಊಟಕ್ಕೆ ಕೂರಲಿಲ್ಲ ನಾನು. ನೀವು ಗಮನಿಸಲೇ ಇಲ್ಲ.”

“ಗಮನಿಸಿದ್ದೆ. ಜಂಬ ಅಂದ್ಕೊಂಡೆ.”

ಅವರು ಬಹಳ ಹೊತ್ತು ನಕ್ಕರು. ಆಮೇಲೆ, “ತೆಗೆಸೋ ಹಾಗಿದ್ರೆ ತೆಗೆಸಿ,” ಎಂದು ಮೆಲ್ಲಗೆ ಹೇಳಿದರು. ಆ ಸಾಲು ಅವರಿಗೆ ಎಷ್ಟು ನೋಯುತ್ತಿತ್ತೆಂದು ನನಗೆ ತಿಳಿದದ್ದು ಆ ದನಿಯಿಂದ.

ಆಡಳಿತ ಮಂಡಳಿಗೆ ಸಹಿ ಮಾಡಿದ ಪತ್ರ ಕೊಟ್ಟಿದ್ದೇನೆ. ತೊಂಬತ್ತು ದಾಟಿದ ಆಲ್ಡೊ ಅವರಿಗೆ ಮನೆಗೇ ಹೋಗಿ ಹೇಳಿದೆ. “ಹಾಗಾದ್ರೆ ಇಷ್ಟು ವರ್ಷ ಬೇರೆಯವಳನ್ನ ಬೈದೆನಾ?” ಎಂದರು. “ಈಗ ನಿನ್ನನ್ನ ಬೈಯೋಣ ಅಂದ್ರೆ ಉಸಿರಿಲ್ಲ. ಕೂತ್ಕೊ, ಕಾಫಿ ಕುಡಿ.” ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ: ಜೀವನ ಪರಿಚಯದ ಆ ವಾಕ್ಯವನ್ನು ತೆಗೆದು, ನಡೀನ್ ಫ್ರೆಡಿಯಾನಿ ಅವರ ಸೇವೆ ಕಳಂಕರಹಿತವೆಂದೂ, 2011ರ ಲೋಪ ಹ್ಯಾರಿಯೆಟ್ ಲಿಂಡ್‌ಕ್ವಿಸ್ಟ್ ಎಂಬವಳದೆಂದೂ ಅಚ್ಚು ಹಾಕಿಸಬೇಕು.

ಬರುವ ಶರತ್ಕಾಲದಿಂದ ನಡೀನ್ ಅವರು ಶನಿವಾರಗಳಂದು ಊರಿನ ಗ್ರಂಥಾಲಯದಲ್ಲಿ ಕುಳಿತು, ಹೊಸದಾಗಿ ವೈನ್ ಮಾಡುವವರಿಗೆ ಅರ್ಜಿ ತುಂಬುವುದನ್ನು ಕಲಿಸಲಿದ್ದಾರೆ. ವರದಿಗಳ ಪಾಠ ನನಗೆ ಕೊಡಿ ಎಂದು ಕೇಳಿದ್ದೇನೆ, ಒಪ್ಪಿದ್ದಾರೆ. ಬಂದವರೆಲ್ಲ ಅವರ ಮೇಜಿನ ಸುತ್ತಲೇ ಸೇರುತ್ತಾರೆ, ನನ್ನ ಎದುರಿನ ಕುರ್ಚಿ ಖಾಲಿಯಿರುತ್ತದೆ, ನನಗೆ ಹೊಟ್ಟೆ ಉರಿಯುತ್ತದೆ. ಇದೆಲ್ಲ ಈಗಲೇ ಕಾಣುತ್ತಿದೆ. ಎಪ್ಪತ್ತೊಂಬತ್ತರ ನನಗೆ ಈ ಗುಣವನ್ನು ಒಂದೆರಡು ವರ್ಷದಲ್ಲಿ ತಿದ್ದಿಕೊಳ್ಳಲಾಗದು. ಆದ್ದರಿಂದ ನಡೀನ್ ಅವರು ಆರೋಗ್ಯದಿಂದ, ಚುರುಕಾದ ಕಣ್ಣು ಕಿವಿಗಳೊಂದಿಗೆ, ಬಹಳ ಬಹಳ ವರ್ಷ ನನ್ನ ಪಕ್ಕದ ಮೇಜಿನಲ್ಲೇ ಕುಳಿತಿರಲಿ.